ನಮ್ಮ ಶಾರ್ಟ್ ಫಿಲ್ಮ್ ಯಾಕೆ ಸೀರಿಯಲ್ ಥರ ಕಾಣುತ್ತೆ?

ಪ್ರಶ್ನೆ: ಸರ್, ಗೆಳೆಯರೆಲ್ಲ ಸೇರಿ ಒಂದು ಶಾರ್ಟ್ ಫಿಲ್ಮ್ ಮಾಡಿದ್ವಿ. ಕಥೆ ಚೆನ್ನಾಗಿದೆ ಅಂತಾರೆ, ಆದ್ರೆ ನೋಡೋಕೆ ಸೀರಿಯಲ್ ಥರ ಇದೆ ಅಂತಾನೂ ಅಂತಾರೆ. ಸಿನಿಮಾ ಲುಕ್ ಬರಬೇಕು ಅಂದ್ರೆ ಯಾವ ಕ್ಯಾಮೆರಾ ತಗೋಬೇಕು?

ಉತ್ತರ: ಕೇಳುವವರು ಬದಲಾಗುತ್ತಾರೆ, ಊರು ಬದಲಾಗುತ್ತದೆ, ಕೊನೆಯ ಸಾಲು ಮಾತ್ರ ಬದಲಾಗುವುದೇ ಇಲ್ಲ. ಯಾವ ಕ್ಯಾಮೆರಾ? ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡೋಣ. ಈಗಿರುವ ಕ್ಯಾಮೆರಾನೇ ಇಟ್ಟುಕೊಳ್ಳಿ. ಹೊಸದಕ್ಕೆ ಕೂಡಿಟ್ಟ ದುಡ್ಡಿನಲ್ಲಿ ಎರಡು ದಿನ ಜಾಸ್ತಿ ಶೂಟಿಂಗ್ ಮಾಡಿ. ಉಳಿದರೆ ಒಂದು ಒಳ್ಳೆ ಮೈಕ್ ಬಾಡಿಗೆಗೆ ತನ್ನಿ.

ಇಷ್ಟಕ್ಕೇ ಯಾರೂ ಒಪ್ಪುವುದಿಲ್ಲ ಅಂತ ನನಗೆ ಗೊತ್ತು. "ಸೀರಿಯಲ್‌ನವರ ಹತ್ರ ಸಾಧಾರಣ ಕ್ಯಾಮೆರಾ, ಸಿನಿಮಾದವರ ಹತ್ರ ದುಬಾರಿ ಕ್ಯಾಮೆರಾ, ಅದಕ್ಕೇ ವ್ಯತ್ಯಾಸ" ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಕೂತಿದೆ. ಇದನ್ನು ಒಮ್ಮೆ ಬುಡಸಮೇತ ಕಿತ್ತು ನೋಡೋಣ.

1951ರಲ್ಲಿ ಅಮೆರಿಕದಲ್ಲಿ 'ಐ ಲವ್ ಲೂಸಿ' ಎಂಬ ಹಾಸ್ಯ ಧಾರಾವಾಹಿ ಶುರುವಾಯಿತು. ಅದರ ಛಾಯಾಗ್ರಾಹಕ ಕಾರ್ಲ್ ಫ್ರಾಯ್ಂಡ್. ಈತ ಸಾಮಾನ್ಯ ಆಸಾಮಿ ಅಲ್ಲ. ಜರ್ಮನಿಯಲ್ಲಿದ್ದಾಗ 1927ರ 'ಮೆಟ್ರೊಪೊಲಿಸ್' ಚಿತ್ರೀಕರಿಸಿದವರಲ್ಲಿ ಒಬ್ಬ. ಹಾಲಿವುಡ್‌ಗೆ ಬಂದು 1931ರ 'ಡ್ರಾಕುಲಾ'ಗೆ ಕೆಲಸ ಮಾಡಿದ. 'ದಿ ಗುಡ್ ಅರ್ಥ್' ಚಿತ್ರಕ್ಕೆ ಆಸ್ಕರ್ ತಗೊಂಡ. ನೆರಳಿನಲ್ಲೇ ಅರ್ಧ ಕಥೆ ಹೇಳಬಲ್ಲ ಮನುಷ್ಯ. ಧಾರಾವಾಹಿಗೆ ಬಳಸಿದ್ದು 35 ಎಂಎಂ ಫಿಲ್ಮು. ಕ್ಯಾಮೆರಾ ಮಿಚೆಲ್ ಕಂಪನಿಯದು, ಅಂದರೆ ಆ ಕಾಲದ ಹಾಲಿವುಡ್ ಸ್ಟುಡಿಯೊಗಳು ಬಳಸುತ್ತಿದ್ದ ಅದೇ ಕ್ಯಾಮೆರಾ.

ಸಿನಿಮಾ ಕ್ಯಾಮೆರಾ, ಸಿನಿಮಾ ಫಿಲ್ಮು, ಆಸ್ಕರ್ ಗೆದ್ದ ಸಿನಿಮಾ ಕೈ. ಮೂರೂ ಇದ್ದವು. ಪರದೆ ಮೇಲೆ ಬಂದದ್ದು ಪಕ್ಕಾ ಟೀವಿ. ಕೋಣೆಯ ಮೂಲೆಮೂಲೆಗೂ ಒಂದೇ ಸಮನೆ ಬೆಳಕು.

ಯಾಕೆ ಹಾಗಾಯಿತು? ಎದುರಿಗೆ ಪ್ರೇಕ್ಷಕರು ಕೂತಿರುತ್ತಿದ್ದರು. ನಾಟಕದ ಹಾಗೆ ದೃಶ್ಯ ಒಂದೇ ಓಟದಲ್ಲಿ ಸಾಗಬೇಕಿತ್ತು. ಮೂರು ಕ್ಯಾಮೆರಾ ಒಟ್ಟಿಗೆ ಓಡುತ್ತಿದ್ದವು. ಲೈಟ್ ಸ್ಟ್ಯಾಂಡನ್ನು ನೆಲದ ಮೇಲೆ ನಿಲ್ಲಿಸಿದರೆ ಯಾವುದೋ ಒಂದು ಕ್ಯಾಮೆರಾದ ದಾರಿಗೆ ಅಡ್ಡ. ಅದಕ್ಕೆ ಫ್ರಾಯ್ಂಡ್ ಬೆಳಕನ್ನೆಲ್ಲ ಮೇಲಕ್ಕೆ ಏರಿಸಿದ. ನಟಿ ಸೋಫಾದಿಂದ ಬಾಗಿಲಿಗೆ ಹೋದರೂ, ಬಾಗಿಲಿನಿಂದ ಅಡುಗೆಮನೆಗೆ ಹೋದರೂ ಮುಖ ಕಾಣಬೇಕು, ಯಾವ ಕ್ಯಾಮೆರಾದಿಂದ ನೋಡಿದರೂ ಕಾಣಬೇಕು. ಎಲ್ಲಾ ದಿಕ್ಕಿಗೂ ಸರಿಹೊಂದುವ ಬೆಳಕು ಅಂದರೆ ದಿಕ್ಕೇ ಇಲ್ಲದ ಬೆಳಕು. ಅದಕ್ಕೆ ನಾವು ಫ್ಲಾಟ್ ಲೈಟಿಂಗ್ ಅನ್ನುತ್ತೇವೆ. ಅದನ್ನು ಅವನು ಗೊತ್ತಿದ್ದೇ ಮಾಡಿದ. ಕೆಲಸ ಹಾಗೆ ಬೇಡಿತು.

ಇವತ್ತಿನ ನಮ್ಮ ಸೀರಿಯಲ್‌ಗಳ ಕಥೆಯೂ ಅದೇ. ಪ್ರೇಕ್ಷಕರು ಸೆಟ್‌ನಲ್ಲಿ ಕೂತಿರುವುದಿಲ್ಲ, ಆದರೆ ಗಡಿಯಾರ ಕೂತಿರುತ್ತದೆ. ಅರ್ಧ ಗಂಟೆಯ ಸ್ಲಾಟ್ ಅಂದರೆ ಜಾಹೀರಾತು ಕಳೆದು ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ ದೃಶ್ಯ ಬೇಕು. ವಾರಕ್ಕೆ ಐದಾರು ಸಲ ಬೇಕು. ಹೆಚ್ಚುಕಮ್ಮಿ ದಿನಕ್ಕೊಂದು ಎಪಿಸೋಡ್ ಮುಗಿಯದಿದ್ದರೆ ಬ್ಯಾಂಕಿಂಗ್, ಅಂದರೆ ಮೊದಲೇ ತೆಗೆದಿಟ್ಟ ಎಪಿಸೋಡುಗಳ ದಾಸ್ತಾನು, ಖಾಲಿ. ಸಿನಿಮಾದಲ್ಲಿ ಇಡೀ ದಿನ ದುಡಿದು ಎರಡು ಮೂರು ನಿಮಿಷದ ದೃಶ್ಯ ಕೈಗೆ ಬಂದರೆ ಒಳ್ಳೆಯ ದಿನ. ಸೊಸೆಯ ಕ್ಲೋಸಪ್ ತೆಗೆದು, ಲೈಟ್ ಎಲ್ಲ ಕಿತ್ತು, ಅತ್ತೆಯ ಕ್ಲೋಸಪ್‌ಗೆ ಮತ್ತೆ ಜೋಡಿಸಲು ಸಿನಿಮಾದವರಿಗೆ ಪುರುಸೊತ್ತಿದೆ. ಸೀರಿಯಲ್‌ನವರಿಗಿಲ್ಲ. ಅವರು ಕೋಣೆಗೆ ಒಮ್ಮೆ ಲೈಟ್ ಮಾಡುತ್ತಾರೆ, ಎರಡು ಮೂರು ಕ್ಯಾಮೆರಾ ಇಡುತ್ತಾರೆ, ಸಂಜೆಯವರೆಗೂ ಅದೇ ಬೆಳಕಲ್ಲಿ ಮದುವೆ ಮಾತುಕತೆ, ವಿಷಪ್ರಯೋಗ, ಸತ್ಯನಾರಾಯಣ ಪೂಜೆ ಎಲ್ಲಾ ಮುಗಿಸುತ್ತಾರೆ. ಅವರ ಕೈಗೆ ಎಷ್ಟೇ ದುಬಾರಿ ಕ್ಯಾಮೆರಾ ಕೊಡಿ, ಅದೇ ಸೀರಿಯಲ್ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ.

ಇನ್ನೂ ನಂಬಿಕೆ ಬರಲಿಲ್ವಾ? ಸರಿ, ಉಲ್ಟಾ ಕಡೆಯಿಂದ ಬರೋಣ. 2002ರ '28 ಡೇಸ್ ಲೇಟರ್' ಚಿತ್ರದ ಬಹುಪಾಲು ಭಾಗವನ್ನು ಕ್ಯಾನನ್ ಎಕ್ಸ್‌ಎಲ್1 ಎಂಬ ಮಿನಿ ಡಿವಿ ಕ್ಯಾಮೆರಾದಲ್ಲಿ ತೆಗೆದರು. ನಮ್ಮಲ್ಲಿ ಮದುವೆ ವಿಡಿಯೊ ಮಾಡುತ್ತಿದ್ದ ಕ್ಯಾಸೆಟ್ ಕ್ಯಾಮೆರಾಗಳ ಜಾತಿಯದೇ ಅದು. ಇವತ್ತು ನಿಮ್ಮ ಜೇಬಿನಲ್ಲಿರುವ ಫೋನಿನ ಮುಂದೆ ಅದರ ಸ್ಪಷ್ಟತೆ ಏನೇನೂ ಅಲ್ಲ. 2015ರಲ್ಲಿ ಬಂದ 'ಟ್ಯಾಂಜರೀನ್' ಚಿತ್ರವನ್ನು ಶಾನ್ ಬೇಕರ್ ಐಫೋನ್ 5ಎಸ್‌ನಲ್ಲಿ, ಮುಂದೆ ಒಂದು ಅನಾಮಾರ್ಫಿಕ್ ಅಡಾಪ್ಟರ್ (ಚಿತ್ರವನ್ನು ಸಿನಿಮಾ ಪರದೆಯಷ್ಟು ಅಗಲ ಮಾಡುವ ಲೆನ್ಸು) ಸಿಕ್ಕಿಸಿಕೊಂಡು ತೆಗೆದ. ಎರಡನ್ನೂ ನೋಡಿದ ಯಾರೂ ಸೀರಿಯಲ್ ಥರ ಇದೆ ಅನ್ನಲಿಲ್ಲ. 'ಲೈಫ್ ಆಫ್ ಪೈ'ಗೆ ಛಾಯಾಗ್ರಹಣದ ಆಸ್ಕರ್ ಬಂತಲ್ಲ, ಅದನ್ನು ತೆಗೆದ ಆರಿ ಅಲೆಕ್ಸಾ ಕ್ಯಾಮೆರಾ 4ಕೆ, ಅಂದರೆ ಚಿತ್ರದ ಅಗಲಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕಿ ಇರುವಂಥದ್ದು, ಅಲ್ಲ. 3ಕೆ ಕೂಡ ಮುಟ್ಟುವುದಿಲ್ಲ. ನೀವೋ, 4ಕೆ ಇಲ್ಲ ಅಂತ ಶೂಟಿಂಗನ್ನೇ ಮುಂದೂಡುತ್ತೀರಿ!

ಕೊನೆಯ ಪೆಟ್ಟು 2012ರದ್ದು. 'ದಿ ಹಾಬಿಟ್' ಬಂತು. ರೆಡ್ ಎಪಿಕ್ ಕ್ಯಾಮೆರಾ, 5ಕೆ, ಲೆಕ್ಕವಿಲ್ಲದಷ್ಟು ಬಜೆಟ್ಟು. ಸಿನಿಮಾದಲ್ಲಿ ವಾಡಿಕೆಯಂತೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ; ಇದನ್ನು 48 ಫ್ರೇಮ್‌ನಲ್ಲಿ ತೆಗೆದಿದ್ದರು. ಆ ರೂಪದಲ್ಲಿ ನೋಡಿದ ಎಷ್ಟೋ ಜನ ಕೊಟ್ಟ ದೂರೇನು ಗೊತ್ತಾ? ಟೀವಿ ಸೀರಿಯಲ್ ನೋಡಿದಂಗಿದೆ ಅಂತ. ಜಗತ್ತಿನ ದುಬಾರಿ ಸಿನಿಮಾಗಳಲ್ಲೊಂದು ಸೀರಿಯಲ್ ಥರ ಕಂಡಿತು, ಮದುವೆ ವಿಡಿಯೊ ಜಾತಿಯ ಕ್ಯಾಮೆರಾ ಸಿನಿಮಾ ಥರ ಕಂಡಿತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ನನ್ನ ಹತ್ತಿರ ಇಲ್ಲ, ಬೇಕಾಗಿಯೂ ಇಲ್ಲ.

"ಹಿಂದೆ ಮಸುಕು ಮಾಡಿದ್ರೆ ಸಿನಿಮಾ ಆಗುತ್ತಲ್ವಾ?" ಎಂಬ ಉಪಪ್ರಶ್ನೆಯೂ ಬರುತ್ತದೆ. 1941ರ 'ಸಿಟಿಜನ್ ಕೇನ್' ನೋಡಿ. ಮುಂದಿನ ಮುಖದಿಂದ ಹಿಂದಿನ ಕಿಟಕಿಯವರೆಗೆ ಎಲ್ಲವೂ ಸ್ಪಷ್ಟ. ಮೇಲೆ ಕೆಳಗೆ ಕಪ್ಪು ಪಟ್ಟಿ ಅಂಟಿಸುವವರ ಬಗ್ಗೆ ನಾನೇನೂ ಹೇಳುವುದಿಲ್ಲ.

ಹಾಗಾದರೆ ಸಿನಿಮಾ ಲುಕ್ ಎಲ್ಲಿಂದ ಬರುತ್ತದೆ? ದೊಡ್ಡ ಪಾಲು ಬೆಳಕಿನಿಂದ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಮೊದಲೇ ತೀರ್ಮಾನ ಮಾಡಿಕೊಂಡು, ಉಳಿದ ಕಡೆಯಿಂದ ಅದನ್ನು ತಡೆಯುವ ಧೈರ್ಯದಿಂದ. ನಮ್ಮವರೇ ಇದನ್ನು ಜಗತ್ತಿಗೆ ತೋರಿಸಿದ್ದಾರೆ. ಸತ್ಯಜಿತ್ ರಾಯ್ ಅವರ 1956ರ 'ಅಪರಾಜಿತೊ'ಗೆ ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತಾದ ಸ್ಟುಡಿಯೊ ಒಳಗೆ ಕಟ್ಟಬೇಕಾಯಿತು. ತೆರೆದ ಅಂಗಳಕ್ಕೆ ಮೇಲಿನಿಂದ ಬೀಳುವ ಮೆತ್ತನೆ ಹಗಲಿನ ಬೆಳಕಿಗೆ ನೆರಳು ಇರುವುದಿಲ್ಲ. ಸ್ಟುಡಿಯೊ ಲೈಟ್ ಹಾಕಿದರೆ ಒಬ್ಬೊಬ್ಬರಿಗೂ ನಾಲ್ಕು ನೆರಳು. ಚಿತ್ರದ ಛಾಯಾಗ್ರಾಹಕ ಸುಬ್ರತ ಮಿತ್ರ ಏನು ಮಾಡಿದರು? ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿ, ಕೆಳಗಿನಿಂದ ಲೈಟನ್ನು ಅದಕ್ಕೆ ಹೊಡೆದು, ವಾಪಸ್ ಬಂದ ಬೆಳಕಿನಲ್ಲಿ ಶೂಟ್ ಮಾಡಿದರು. ಬೌನ್ಸ್ ಲೈಟಿಂಗ್ ಅಂತ ಈಗ ಎಲ್ಲರೂ ಮಾಡುವ ಕೆಲಸ ಇದೇ. ಖರ್ಚಾದದ್ದು ಬಟ್ಟೆ ಮತ್ತು ತಲೆ.

ಇನ್ನೊಬ್ಬರು ನಮ್ಮ ಮೈಸೂರಿನವರು, ವಿ.ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಕಲಿತವರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು. ಗುರುದತ್ ಅವರ 1959ರ 'ಕಾಗಜ್ ಕೆ ಫೂಲ್'ನಲ್ಲಿ ಖಾಲಿ ಸ್ಟುಡಿಯೊದ ಕತ್ತಲಲ್ಲಿ ಮೇಲಿನಿಂದ ಒಂದು ಬೆಳಕಿನ ಕಂಬ ಇಳಿಯುತ್ತದೆ, ಇಬ್ಬರು ಅದರ ಆಚೆ ಈಚೆ ನಿಂತಿರುತ್ತಾರೆ. ದೊಡ್ಡ ಲೈಟ್ ಹಚ್ಚಿದರೆ ಬೆಳಕು ಹರಡಿಹೋಗುತ್ತದೆ. ಮೂರ್ತಿಯವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಹಿಡಿದು ಒಳಗೆ ತಿರುಗಿಸಿದರು. ಕ್ಯಾಮೆರಾ ಯಾವುದು ಅಂತ ಆ ದೃಶ್ಯ ನೋಡಿದವರು ಯಾರೂ ಕೇಳುವುದಿಲ್ಲ. ಇಬ್ಬರೂ ಹತ್ತಿರ ಬರುತ್ತಾರಾ ಇಲ್ವಾ ಎಂದು ಉಸಿರು ಹಿಡಿದು ನೋಡುತ್ತಾರೆ. ಬೆಳಕು ಅಲ್ಲಿ ಕಥೆಯನ್ನೇ ಹೇಳುತ್ತಿದೆ.

ನಿಮ್ಮ ಶಾರ್ಟ್ ಫಿಲ್ಮಿಗೆ ಬರೋಣ. ನೀವು ಲಿಂಕ್ ಕಳಿಸಿಲ್ಲ, ಆದರೂ ಊಹಿಸಬಲ್ಲೆ. ಗೆಳೆಯನ ಮನೆಯ ಹಾಲ್, ತಿಳಿ ಬಣ್ಣದ ಗೋಡೆ, ಗೋಡೆಗೆ ಬೆನ್ನು ಅಂಟಿಸಿ ನಿಂತ ನಾಯಕ, ತಲೆ ಮೇಲೆ ಉರಿಯುವ ಟ್ಯೂಬ್‌ಲೈಟ್. ಸರಿನಾ? ಮೊದಲು ಟ್ಯೂಬ್‌ಲೈಟ್ ಆರಿಸಿ. ನಾಯಕನನ್ನು ಗೋಡೆಯಿಂದ ಆರೇಳು ಅಡಿ ಮುಂದೆ ತನ್ನಿ. ಕಿಟಕಿ ಅವನ ಒಂದು ಪಕ್ಕಕ್ಕೆ ಇರಲಿ. ಇನ್ನೊಂದು ಕೆನ್ನೆ ಕತ್ತಲಾಯಿತು ಅಂತ ಗಾಬರಿ ಬೇಡ, ಅದು ಬೇಕು. ಜಾಸ್ತಿ ಕತ್ತಲಾದರೆ ಆ ಕಡೆ ಒಂದು ಥರ್ಮಾಕೋಲ್ ಹಾಳೆ ಹಿಡಿಯಿರಿ. ಫೋನ್ 30 ಅಥವಾ 60 ಫ್ರೇಮ್‌ನಲ್ಲಿ ಓಡುತ್ತಿದ್ದರೆ 24 ಇಲ್ಲವೇ 25ಕ್ಕೆ ಇಳಿಸಿ. ಶಟರ್, ಅಂದರೆ ಪ್ರತಿ ಫ್ರೇಮಿಗೂ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/50ಕ್ಕೆ ಇಡಿ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಲೈಟ್ ಮಿಣುಕುವ ಕಾಟವೂ ಇದರಿಂದ ತಪ್ಪುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಶಾಟ್. ಮಾತಾಡುತ್ತಿರುವವರ ಮುಖವನ್ನೇ ತೋರಿಸಬೇಕು ಎಂಬ ಚಟ ಬಿಡಿ. ಮಗ ಕೆಲಸ ಕಳಕೊಂಡೆ ಅಂತ ಹೇಳುವಾಗ ಅವನ ಮುಖ, ಅಪ್ಪ ಕೇಳುವಾಗ ಅಪ್ಪನ ಮುಖ, ಅಮ್ಮ ಅಳುವಾಗ ಅಮ್ಮನ ಮುಖ. ಇದು ವರದಿ. ದೃಶ್ಯ ಯಾರದ್ದು ಅಂತ ಮೊದಲು ತೀರ್ಮಾನಿಸಿ. ಅಪ್ಪನದ್ದು ಅಂದರೆ, ಮಗನ ಮಾತು ಬರೀ ಕೇಳಿಸಲಿ. ಅಪ್ಪ ಪೇಪರ್ ಮಡಚುತ್ತಿರಲಿ.

ಸೀರಿಯಲ್‌ನವರಿಗೆ ಇದೆಲ್ಲ ಗೊತ್ತಿಲ್ಲ ಅಂತ ನಗಬೇಡಿ. ಚೆನ್ನಾಗಿ ಗೊತ್ತು. ಆದರೆ ಅವರ ನೋಡುಗರು ಕತ್ತಲ ಥಿಯೇಟರಿನಲ್ಲಿ ಬಾಯಿ ಮುಚ್ಚಿ ಕೂತವರಲ್ಲ. ಒಲೆ ಮೇಲೆ ಸಾರು ಇದೆ, ಮಗು ಹೋಮ್‌ವರ್ಕ್ ತೋರಿಸುತ್ತಿದೆ, ಬಾಗಿಲಲ್ಲಿ ಯಾರೋ ಬೆಲ್ ಮಾಡಿದರು. ಅರ್ಧ ಸೀರಿಯಲ್ಲನ್ನು ಜನ ಕಿವಿಯಲ್ಲಿ ನೋಡುತ್ತಾರೆ. ಅದಕ್ಕೇ ಪಾತ್ರಗಳು ಮನಸ್ಸಿನಲ್ಲಿದ್ದದ್ದನ್ನು ಜೋರಾಗಿ ಹೇಳಿಕೊಳ್ಳುತ್ತವೆ. ಅದಕ್ಕೇ ಗುಟ್ಟು ಬಯಲಾದಾಗ "ಢಣ್" ಅಂತ ಸದ್ದು ಬಂದು ಆರು ಜನರ ಮುಖ ಸರದಿಯಲ್ಲಿ ಬರುತ್ತದೆ. ಆ ಸದ್ದು ಅಡುಗೆಮನೆಯಲ್ಲಿರುವವರನ್ನು ಕರೆಯುವ ಗಂಟೆ. ಅವರು ಸೌಟು ಹಿಡಿದು ಓಡಿ ಬರುವಷ್ಟರಲ್ಲಿ ಇನ್ನೂ ನಾಲ್ಕನೇ ಮುಖ ಓಡುತ್ತಿರುತ್ತದೆ, ಏನೂ ತಪ್ಪಿಹೋಗುವುದಿಲ್ಲ. ಇದು ಪಕ್ಕಾ ಲೆಕ್ಕಾಚಾರ. ನಿಮ್ಮ ತೊಂದರೆ ಏನೆಂದರೆ, ನೀವು ಆ ಅವಸರವೂ ಇಲ್ಲದೆ, ಆ ಅಡುಗೆಮನೆಯೂ ಇಲ್ಲದೆ ಅದೇ ಪದ್ಧತಿ ಹಿಡಿದಿದ್ದೀರಿ. ಹುಟ್ಟಿದಾಗಿನಿಂದ ನೋಡಿದ್ದು ಅದೇ ಆದ್ದರಿಂದ ಕೈಗೆ ಅದೇ ಬರುತ್ತದೆ.

ಯಾರೂ ಕೇಳದ ಒಂದು ವಿಷಯ ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ನಿಮ್ಮ ಫಿಲ್ಮ್ ಸೀರಿಯಲ್ ಥರ ಇದೆ ಅಂದವರು ಅದನ್ನು ಎಲ್ಲಿ ನೋಡಿದರು? ಹೊಸ ದೊಡ್ಡ ಟೀವಿಯಲ್ಲಿ ನೋಡಿದ್ದರೆ, ತಪ್ಪು ನಿಮ್ಮದಲ್ಲದೆಯೂ ಇರಬಹುದು.

ಹೊಸ ಟೀವಿಗಳಲ್ಲಿ ಮೋಷನ್ ಸ್ಮೂದಿಂಗ್ ಎಂಬ ಸೌಲಭ್ಯ ಇರುತ್ತದೆ. ಎಷ್ಟೋ ಟೀವಿಗಳಲ್ಲಿ ಡಬ್ಬ ತೆಗೆದಾಗಲೇ ಆನ್ ಆಗಿರುತ್ತದೆ. ಎರಡು ಫ್ರೇಮ್‌ಗಳ ನಡುವೆ ಇಲ್ಲದ ಫ್ರೇಮನ್ನು ಟೀವಿಯೇ ಲೆಕ್ಕ ಹಾಕಿ ತುಂಬಿಸುತ್ತದೆ. 24 ಫ್ರೇಮಿನ ಸಿನಿಮಾ 50, 60, 100 ಫ್ರೇಮಿನ ಹಾಗೆ ಜಾರುತ್ತದೆ. ನಮ್ಮ ಕಣ್ಣಿಗೆ ಹಳೆಯ ಪಾಠ ಒಂದಿದೆ. ಮಾತಿನ ಸಿನಿಮಾ ಬಂದ ಕಾಲದಿಂದ 24 ಫ್ರೇಮ್ ಅಂದರೆ ಕಥೆ. ಟೀವಿ ಸ್ಟುಡಿಯೊದ ವಿಡಿಯೊದಲ್ಲಿ ಸೆಕೆಂಡಿಗೆ 50 ಸಲ ಚಿತ್ರ ಬದಲಾಗುತ್ತಿತ್ತು, ವಾರ್ತೆ, ಕ್ರಿಕೆಟ್, ಸ್ಟುಡಿಯೊ ನಾಟಕ ಎಲ್ಲಾ ಹಾಗೇ ಬಂದವು. ಅಷ್ಟು ನುಣುಪಾದ ಚಲನೆ ಕಂಡ ಕೂಡಲೇ ಇದು ಟೀವಿ ಅಂತ ಮನಸ್ಸು ಹೇಳುತ್ತದೆ. 'ಹಾಬಿಟ್'ಗೆ ಆದದ್ದೂ ಇದೇ.

ಇದರ ವಿರುದ್ಧ 2018ರಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಒಂದು ವಿಡಿಯೊನೇ ಮಾಡಿ, ದಯವಿಟ್ಟು ಇದನ್ನು ಆಫ್ ಮಾಡಿ ಅಂತ ಕೇಳಿಕೊಂಡರು. ಸೆಟ್ಟಿಂಗ್ಸ್‌ನಲ್ಲಿ ಪಿಕ್ಚರ್ ಒಳಗೆ ಹುಡುಕಿ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೊ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ ಅಂತ ಹೆಸರು. ಕೆಲವು ಟೀವಿಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಅಂತಲೇ ಇದೆ, ಅದನ್ನು ಒತ್ತಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಮನೆಯಲ್ಲಿ ಯಾರಿಗೂ ಹೇಳದೆ ಮಾಡಿ. ಕೇಳಿದರೆ "ಮೊದಲೇ ಚೆನ್ನಾಗಿತ್ತು" ಅನ್ನುತ್ತಾರೆ.

ಇದೇ ಲೆಕ್ಕದ ಇನ್ನೊಂದು ತಮಾಷೆ. ನಮ್ಮ ಹಳೆಯ ಟೀವಿ ಪದ್ಧತಿ ಸೆಕೆಂಡಿಗೆ 25 ಫ್ರೇಮಿನದು, ಸಿನಿಮಾ 24ರದ್ದು. ಒಂದು ಫ್ರೇಮಿನ ವ್ಯತ್ಯಾಸಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ಸಾಮಾನ್ಯವಾಗಿ ಸಿನಿಮಾವನ್ನೇ 25ಕ್ಕೆ ಓಡಿಸಿಬಿಡುತ್ತಿದ್ದರು. ಹಾಗೆ ಓಡಿಸಿದರೆ ಹಾಡುಗಳ ಶ್ರುತಿ ಒಂದು ಚೂರು ಮೇಲೇರುತ್ತದೆ. ಥಿಯೇಟರಿನಲ್ಲಿ 150 ನಿಮಿಷ ಓಡಿದ ಸಿನಿಮಾ ಟೀವಿಯಲ್ಲಿ 144 ನಿಮಿಷಕ್ಕೇ ಮುಗಿಯುತ್ತದೆ. ಉಳಿದ ಆರು ನಿಮಿಷವನ್ನು ಜಾಹೀರಾತಿನವರು ಬಡ್ಡಿ ಸಮೇತ ವಸೂಲಿ ಮಾಡಿಕೊಳ್ಳುತ್ತಿದ್ದರು ಬಿಡಿ.