ವಸಾಹತು ಕಾಲದ ಅಮೆರಿಕದಲ್ಲಿ ಗುಲಾಮರು ಬೆಳೆದದ್ದು ಹತ್ತಿಯನ್ನೇ?

ಪ್ರಶ್ನೆ: ಅಮೆರಿಕವು ಬ್ರಿಟಿಷರ ವಸಾಹತಾಗಿದ್ದಾಗ ಆಫ್ರಿಕಾದಿಂದ ಗುಲಾಮರನ್ನು ತಂದದ್ದು ಹತ್ತಿ ಬೆಳೆಯುವುದಕ್ಕಾಗಿಯೇ ಅಲ್ಲವೇ?

ಉತ್ತರ: ಅಲ್ಲ. ಈ ಪ್ರಶ್ನೆ ಹಲವು ವೇಷಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುವುದರಿಂದ, ಈ ಸಲ ಇಸವಿಗಳನ್ನೇ ಮುಂದಿಟ್ಟು ಉತ್ತರಿಸುತ್ತೇನೆ. ಬೀಜದಿಂದ ಅರಳೆ ಬಿಡಿಸುವ ಯಂತ್ರವನ್ನು ಎಲಿ ವಿಟ್ನಿ ರೂಪಿಸಿದ್ದು 1793ರಲ್ಲಿ. ಅಮೆರಿಕ ಸ್ವಾತಂತ್ರ್ಯ ಘೋಷಿಸಿ ಆಗಲೇ 17 ವರ್ಷಗಳಾಗಿದ್ದವು. ಅದಕ್ಕೆ ಮೊದಲು, ಒಳನಾಡಿನಲ್ಲಿ ಬೆಳೆಯಬಲ್ಲ ಗಿಡ್ಡ ಎಳೆಯ ಹತ್ತಿಯ ಬೀಜ ಬಿಡಿಸಲು ದಿನವಿಡೀ ಕುಳಿತರೂ ಕೈಗೆ ಸಿಗುತ್ತಿದ್ದ ಅರಳೆ ತೀರ ಕಡಿಮೆ, ಹೀಗಾಗಿ ಅದು ಮಾರುಕಟ್ಟೆಯ ಬೆಳೆಯಾಗಿ ಬೇರೂರಲಿಲ್ಲ. ಆದರೆ ಆ ಯಂತ್ರ ಬರುವ ಮೊದಲೇ, 1790ರ ಜನಗಣತಿಯಲ್ಲಿ, ಸುಮಾರು 7 ಲಕ್ಷ ಗುಲಾಮರ ಲೆಕ್ಕ ಸಿಗುತ್ತದೆ. ಹತ್ತಿಯೇ ಕಾರಣವಾಗಿದ್ದರೆ ಇವರೆಲ್ಲ ಯಾವ ಹೊಲದಲ್ಲಿ ದುಡಿಯುತ್ತಿದ್ದರು? ನಮ್ಮ ಕಣ್ಣ ಮುಂದೆ ಬರುವ ಬಿಳಿ ಹತ್ತಿ ಹೊಲದ ಚಿತ್ರ ಹತ್ತೊಂಬತ್ತನೆಯ ಶತಮಾನದ್ದು. 1860ರ ಹೊತ್ತಿಗೆ ಗುಲಾಮರ ಸಂಖ್ಯೆಯನ್ನು 40 ಲಕ್ಷದ ಹತ್ತಿರಕ್ಕೆ ಏರಿಸಿದ ಮುಖ್ಯ ಬೆಳೆ ಹತ್ತಿ ಎಂಬುದು ನಿಜ, ಆದರೆ ಆ ವ್ಯವಸ್ಥೆಯನ್ನು ಹುಟ್ಟಿಸಿದ್ದು ಹತ್ತಿಯಲ್ಲ.

ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ ಬೆಳೆಯುತ್ತಿದ್ದುದು ಹೊಗೆಸೊಪ್ಪು. ಅಲ್ಲಿ ಮೊದಲು ದುಡಿದವರಲ್ಲಿ ಹೆಚ್ಚಿನವರು, ಹಡಗಿನ ಖರ್ಚಿಗೆ ಬದಲಾಗಿ ನಾಲ್ಕರಿಂದ ಏಳು ವರ್ಷ ದುಡಿಯುವ ಕರಾರಿಗೆ ಒಳಪಟ್ಟ ಇಂಗ್ಲಿಷ್ ಆಳುಗಳು. ಹದಿನೇಳನೆಯ ಶತಮಾನದ ಕೊನೆಗೆ ಅಂಥವರು ಬರುವುದು ಕಡಿಮೆಯಾಗಿ, ಅವರ ಜಾಗಕ್ಕೆ ಆಫ್ರಿಕಾದ ಗುಲಾಮರು ಬಂದರು. 1698ರಲ್ಲಿ ರಾಯಲ್ ಆಫ್ರಿಕನ್ ಕಂಪನಿಯ ಏಕಸ್ವಾಮ್ಯ ಮುರಿದು ಗುಲಾಮ ವ್ಯಾಪಾರ ಇತರ ಇಂಗ್ಲಿಷ್ ವರ್ತಕರಿಗೂ ತೆರೆದುಕೊಂಡಿತು. ಕಾನೂನು ಅದಕ್ಕೂ ಮೊದಲೇ ಸಿದ್ಧವಾಗಿತ್ತು: ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು ವರ್ಜೀನಿಯಾ 1662ರಲ್ಲೇ ವಿಧಿಸಿತ್ತು.

ದಕ್ಷಿಣ ಕೆರೊಲಿನಾದ ಬೆಳೆಗಳು ನೀಲಿ (ಬಟ್ಟೆಗೆ ಹಾಕುವ ನೀಲಿ ಬಣ್ಣ ಕೊಡುವ ಗಿಡ) ಮತ್ತು, ಹಲವರು ನಂಬಲು ಹಿಂಜರಿಯುವ, ಭತ್ತ. 1708ರ ಹೊತ್ತಿಗೇ ಆ ವಸಾಹತಿನಲ್ಲಿ ಬಿಳಿಯರಿಗಿಂತ ಕಪ್ಪು ಜನರು ಹೆಚ್ಚಾಗಿದ್ದರು. ಜೌಗಿನ ಮರಗಳನ್ನು ಕಡಿದು, ಒಡ್ಡು ಕಟ್ಟಿ, ಮುಂದೆ ಸಮುದ್ರದ ಉಬ್ಬರಕ್ಕೆ ಹಿಂದೊತ್ತಿ ಏರುವ ನದಿಯ ಸಿಹಿನೀರನ್ನು ತೂಬುಗಳ ಮೂಲಕ ಗದ್ದೆಗೆ ಹಾಯಿಸಿದವರು ಅವರೇ. ಮಂಡಿಯವರೆಗಿನ ಕೆಸರು, ಮಲೇರಿಯಾ, ಸುಗ್ಗಿಯ ನಂತರ ಒನಕೆ ಹಿಡಿದು ಭತ್ತ ಕುಟ್ಟುವ ದುಡಿಮೆ: ಗದ್ದೆ ಕೆಲಸ ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಇಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: ಭತ್ತದ ಬೇಸಾಯವನ್ನೇ ಅರಿಯದ ಇಂಗ್ಲಿಷರು ಅದನ್ನು ಕಲಿತದ್ದು ಯಾರಿಂದ? ಪಶ್ಚಿಮ ಆಫ್ರಿಕಾದ ಕರಾವಳಿಯವರು ತಮ್ಮದೇ ಭತ್ತದ ಜಾತಿಯೊಂದನ್ನು ಬಹು ಹಿಂದಿನಿಂದ ಬೆಳೆಯುತ್ತಿದ್ದರು. ಕೆರೊಲಿನಾದಲ್ಲಿ ಅಕ್ಕಿ ಕೇರಲು ಬಳಸುತ್ತಿದ್ದ, ಹುಲ್ಲನ್ನು ಸುರುಳಿ ಸುತ್ತಿ ಹೊಲಿದ ಬುಟ್ಟಿಗಳೂ ಆಫ್ರಿಕಾದ ಕೈಕಸುಬೇ. ಇಡೀ ಬೇಸಾಯ ಪದ್ಧತಿಯ ಶ್ರೇಯಸ್ಸು ಎಷ್ಟು ಅವರದು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ದಕ್ಷಿಣ ಕೆರೊಲಿನಾದ ಬಂದರು ಚಾರ್ಲ್ಸ್ ಟೌನ್‌ನ ವರ್ತಕರಿಗೆ ಸಂಶಯವಿದ್ದಂತಿಲ್ಲ: ಮಾರಾಟಕ್ಕಿರುವ ಗುಲಾಮರು 'ಅಕ್ಕಿಯ ಕರಾವಳಿ'ಯಿಂದ ಬಂದವರು ಎಂದು ಅವರು ಜಾಹೀರಾತಿನಲ್ಲೇ ಅಚ್ಚು ಹಾಕಿಸುತ್ತಿದ್ದರು.