ಆಯಿಗೆ ತಾರೀಖು ಗೊತ್ತಿರಲಿಲ್ಲ, ಅಮಾಸಿ ಗೊತ್ತಿತ್ತು

ಕೆಲವು ವರ್ಷಗಳ ಹಿಂದಿನ ಮಾತು. ಅಫಜಲಪುರ ಕಡೆಯ ಹಳ್ಳಿಯಿಂದ ಒಬ್ಬರು ತಮ್ಮ ತಾಯಿಯನ್ನು ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಕರೆತಂದರು. ಎಪ್ಪತ್ತು ದಾಟಿದ ಆಯಿ. ಮಗನ ಕೈಯಲ್ಲಿ ಬೇರೆ ಊರಿನ ಆಸ್ಪತ್ರೆಯೊಂದರ ಚೀಟಿ. '30ಕ್ಕೆ 19' ಎಂದು ಬರೆದು, ಕೆಳಗೆ 'ಡಿಮೆನ್ಶಿಯಾ', ಅಂದರೆ ಮರೆಗುಳಿ ಕಾಯಿಲೆ, ಎಂದಿತ್ತು. ಅವತ್ತಿನಿಂದ ಮನೆಯವರು ಆಯಿಗೆ ಒಲೆ ಮುಟ್ಟಲು ಬಿಟ್ಟಿರಲಿಲ್ಲ. ಸಂತೆಗೆ ಕಳಿಸುವುದೂ ನಿಂತಿತ್ತು.

"ಆಯಿ, ಇವತ್ತ ತಾರೀಖ್ ಎಷ್ಟು?" ಎಂದು ಜೋರಾಗಿ ಕೇಳಿದೆ.

"ನಾ ಏನ್ ಸಾಲಿಗಿ ಹೋಗೀನೇನ್ರೀ ಡಾಕ್ಟರ್ರ? ತಾರೀಖ್ ನನಗೇನ್ ಗೊತ್ತು?"

"ಹೋಗ್ಲಿ, ಎಳ್ಳಮಾಸಿ ಯಾವಾಗದ?"

"ಇನ್ನ ಐದ್ ದಿನ ಅದ."

ಕ್ಯಾಲೆಂಡರ್ ನೋಡಿದೆ. ಸರಿಯಾಗಿ ಐದೇ ದಿನ ಇತ್ತು. ನಾನು ಕೇಳದೆಯೇ ಹೊಲದಲ್ಲಿ ಚರಗ ಚೆಲ್ಲಲು ಯಾರ್ಯಾರು ಬರುತ್ತಾರೆ, ಭಜ್ಜಿಗೆ ಏನೇನು ತರಬೇಕು, ಸಜ್ಜಿ ರೊಟ್ಟಿ ಎಷ್ಟು ಬಡಿಯಬೇಕು ಎಂದೆಲ್ಲ ಹೇಳಿದರು. ಮರೆಗುಳಿ ಕಾಯಿಲೆ ಬಂದವರು ಮಾತಾಡುವ ರೀತಿ ಅದಲ್ಲ.

ಹಾಗಾದರೆ 19 ಎಲ್ಲಿಂದ ಬಂತು? ಚೀಟಿಯ ಜೊತೆ ಪರೀಕ್ಷೆಯ ಹಾಳೆಯೂ ಇತ್ತು. ನಾವು ಡಾಕ್ಟರುಗಳು 'ಮಿನಿ ಮೆಂಟಲ್' ಎಂದು ಕರೆಯುವ ಪರೀಕ್ಷೆ. 1975ರಲ್ಲಿ ಅಮೆರಿಕದಲ್ಲಿ ಬಂದದ್ದು, ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಒಟ್ಟು 30 ಅಂಕ. ಸಾಮಾನ್ಯವಾಗಿ 24ಕ್ಕಿಂತ ಕಡಿಮೆ ಬಂದರೆ ಅನುಮಾನ ಪಡುತ್ತೇವೆ.

ಈಗ ಒಂದು ಲೆಕ್ಕ ಹಾಕೋಣ. ನೂರರಿಂದ ಏಳು ಕಳೆಯುತ್ತಾ ಹೋಗುವುದಕ್ಕೆ 5 ಅಂಕ. ಕಾಗದದಲ್ಲಿ 'ಕಣ್ಣು ಮುಚ್ಚಿ' ಎಂದು ಬರೆದದ್ದನ್ನು ಓದಿ ಹಾಗೇ ಮಾಡುವುದಕ್ಕೆ 1. ಒಂದು ವಾಕ್ಯ ಬರೆಯುವುದಕ್ಕೆ 1. ಒಂದರ ಮೇಲೊಂದು ಬಂದ ಎರಡು ಐದು ಮೂಲೆಯ ಚಿತ್ರಗಳನ್ನು ನೋಡಿ ಬಿಡಿಸುವುದಕ್ಕೆ 1. ಕೈಯಲ್ಲಿ ಪೆನ್ನು ಹಿಡಿಯದವರಿಗೆ ಈ 8 ಅಂಕ ಹೋದಂತೆಯೇ. ಉಳಿದದ್ದು 22. ಇಸವಿ, ತಾರೀಖು ಗೊತ್ತಿಲ್ಲದಿದ್ದರೆ ಇನ್ನೆರಡು ಹೋಯಿತು. 20. ಒಂದೇ ಒಂದು ನೆನಪೂ ಕಳೆದುಹೋಗದ ಮನುಷ್ಯರಿಗೆ ಬರುವ ಅಂಕ ಇದು!

ಆಯಿಯ ಇನ್ನೊಂದು ಅಂಕ ಹೋದದ್ದು ಪದಗಳಲ್ಲಿ. ಮೂರು ಪದ ಹೇಳಿ, ಸ್ವಲ್ಪ ಹೊತ್ತಿನ ನಂತರ ಕೇಳುತ್ತಾರೆ. ಸೇಬು, ಮೇಜು, ನಾಣ್ಯ ಎಂದು ಕೇಳಿದ್ದರು. ನಮ್ಮ ಕಡೆ ಹಳ್ಳಿಯಲ್ಲಿ ಮೇಜು ಅಂತ ಯಾರು ಅಂತಾರೆ? ಟೇಬಲ್ ಅಂತಾರೆ. ನಾಣ್ಯ ಅನ್ನುವುದೂ ಅಪರೂಪ, ರೊಕ್ಕ ಅಂತಾರೆ. ಜೊತೆಗೆ ಆಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಕೇಳಿಸದ, ಬಳಸದ ಪದವನ್ನು ನೆನಪಿಡುವುದಾದರೂ ಹೇಗೆ?

2011ರ ಜನಗಣತಿಯಲ್ಲಿ ನೆರೆಯ ಯಾದಗಿರಿಯ ಸಾಕ್ಷರತೆ ಶೇ 52ರ ಆಸುಪಾಸು, ಇಡೀ ರಾಜ್ಯದಲ್ಲೇ ಕಡಿಮೆ. ವಯಸ್ಸಾದ ಹೆಣ್ಣುಮಕ್ಕಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಕಡಿಮೆ. ಹಾಗಾಗಿ ನಮ್ಮ ಭಾಗದಲ್ಲಿ ಇದು ಒಬ್ಬ ಆಯಿಯ ಕಥೆ ಮಾತ್ರ ಅಲ್ಲ.

ಸಂಶೋಧಕರು ಈ ತೊಂದರೆಯನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಹಳ್ಳಿಯ ಹಿರಿಯರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಅಲ್ಲಿ ಹಳೆಯ ಪರೀಕ್ಷೆಯನ್ನೇ ಹಿಂದಿಗೆ ಅನುವಾದ ಮಾಡಿ ಸುಮ್ನೆ ಬಿಡಲಿಲ್ಲ, ಪ್ರಶ್ನೆಗಳನ್ನೇ ಬದಲಿಸಿದರು. ಓದಿ ಕಣ್ಣು ಮುಚ್ಚುವ ಬದಲು 'ನಾನು ಮಾಡಿದ ಹಾಗೆ ಮಾಡಿ' ಎಂದು ತೋರಿಸಿದರು. ವಾಕ್ಯ ಬರೆಯುವ ಬದಲು 'ನಿಮ್ಮ ಮನೆ ಬಗ್ಗೆ ಏನಾದರೂ ಹೇಳಿ' ಎಂದರು. ವಾರದ ಹೆಸರುಗಳನ್ನು ಹಿಂದುಮುಂದಾಗಿ ಹೇಳಿಸಿದರು. ಬದುಕು ಕಲಿಸಿದ್ದನ್ನು ಕೇಳಿದರು, ಶಾಲೆ ಕಲಿಸಿದ್ದನ್ನು ಬಿಟ್ಟರು. ನನಗೆ ಆ ಕೆಲಸದ ಮೇಲೆ ತುಂಬಾ ಗೌರವ.

ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಡೆಯಿಂದ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆಗೆ ಕನ್ನಡದಲ್ಲೂ ಪರೀಕ್ಷೆಗಳ ಒಂದು ಗುಚ್ಛ ಸಿದ್ಧವಾಯಿತು. ಒಳ್ಳೆಯದೇ. ಆದರೂ ನನ್ನದೊಂದು ಆಸೆ ಇದೆ. ಕನ್ನಡದ ಪರೀಕ್ಷೆ ಎಂದರೆ ಕಲಬುರಗಿ, ಬೀದರ್ ಮಂದಿಯ ಕಿವಿಗೂ ಅದು ತಮ್ಮ ಮಾತಾಗಿ ಕೇಳಬೇಕು. ಪರೀಕ್ಷೆ ಮಾಡುವವರು ಈ ಕಡೆಯವರಾದರೆ ಅರ್ಧ ಕೆಲಸ ಆದಂತೆ.

ಇನ್ನೊಂದು ಮುಖವೂ ಇದೆ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಇದೇ ಪರೀಕ್ಷೆಯಲ್ಲಿ 28 ತೆಗೆದರು. ಮಕ್ಕಳಿಗೆ ನಿರಾಳವಾಯಿತು. ಹೆಂಡತಿ ಮಾತ್ರ ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ಅವರನ್ನು ಪಕ್ಕಕ್ಕೆ ಕರೆದು ಕೇಳಿದಾಗ ವಿಷಯ ಹೊರಬಿತ್ತು. ಒಂದೇ ತಿಂಗಳಲ್ಲಿ ಕರೆಂಟ್ ಬಿಲ್ಲನ್ನು ಎರಡು ಸಲ ಕಟ್ಟಿದ್ದರಂತೆ. ದಿನಾ ಹೋಗುವ ದಾರಿಯಲ್ಲೇ ಒಮ್ಮೆ ದಿಕ್ಕು ತಪ್ಪಿದ್ದರಂತೆ. ಜಾಸ್ತಿ ಓದಿದವರು ಮೊದಮೊದಲು ಇಂಥ ಪರೀಕ್ಷೆಯಲ್ಲಿ ಸುಲಭವಾಗಿ ದಾಟಿಬಿಡುತ್ತಾರೆ. ಈ ಮಾಸ್ತರರಿಗೆ ಕಾಯಿಲೆ ನಿಜವಾಗಿಯೂ ಶುರುವಾಗಿತ್ತು.

ಅದಕ್ಕೇ ಒಳ್ಳೆಯ ಅಧ್ಯಯನಗಳು ಮನೆಯವರನ್ನೂ ಕೂರಿಸಿಕೊಂಡು ಕೇಳುತ್ತವೆ. ನಮ್ಮ ದೇಶದ ಹಿರಿಯರ ಮೇಲೆ ನಡೆದ ಲಾಸಿ-ಡ್ಯಾಡ್ ಅಧ್ಯಯನವೂ ಹಾಗೇ ಮಾಡಿತು. 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂಬ ಅಂದಾಜು ಅಲ್ಲಿಂದಲೇ ಬಂದದ್ದು. 'ಅರವತ್ತಕ್ಕೆ ಅರಳು ಮರಳು' ಎಂದು ನಾವು ಮನೆಯಲ್ಲೇ ಮುಚ್ಚಿಟ್ಟರೆ ಆ ಲೆಕ್ಕವೂ ತಪ್ಪುತ್ತದೆ, ಚಿಕಿತ್ಸೆಯೂ ತಡವಾಗುತ್ತದೆ.

ಆಯಿಯ ವಿಷಯದಲ್ಲಿ ನನಗೆ ನೆನಪಾಗುವುದು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಅಧ್ಯಯನ. ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ 2013ರಲ್ಲಿ ಪ್ರಕಟಿಸಿತು. ಡಿಮೆನ್ಶಿಯಾ ಇದ್ದ 648 ಮಂದಿಯನ್ನು ನೋಡಿದಾಗ, ಎರಡು ಅಥವಾ ಜಾಸ್ತಿ ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಬೇರೆ ಕಡೆಯ ಎಲ್ಲ ಅಧ್ಯಯನಗಳೂ ಇದನ್ನೇ ಹೇಳಿಲ್ಲ, ಆದ್ದರಿಂದ ಭಾಷೆಯೇ ಔಷಧ ಎನ್ನಲಾರೆ. ಆದರೆ ಈ ಆಯಿ ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ, ಸೊಲ್ಲಾಪುರದ ಬೀಗರ ಜೊತೆ ಮರಾಠಿ ಆಡುವವರು. ಅವರ ಹಾಳೆಯಲ್ಲಿ ಇದ್ದದ್ದು ಒಂದೇ ಮಾತು: ಅನಕ್ಷರಸ್ಥೆ.

ಮನೆಯ ಹಿರಿಯರನ್ನು ನೆನಪಿನ ಪರೀಕ್ಷೆಗೆ ಕರೆತರುವಾಗ ಅವರ ಜೊತೆ ದಿನವೂ ಇರುವವರು ಬನ್ನಿ. ಮಗನಿಗಿಂತ ಸೊಸೆಗೆ ಜಾಸ್ತಿ ಗೊತ್ತಿರುತ್ತದೆ, ಇದು ನನ್ನ ಅನುಭವ. ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ತಪ್ಪುತ್ತಿದೆ, ಯಾವಾಗಿನಿಂದ ಎಂದು ಹೇಳಿ. ಎಷ್ಟು ಓದಿದ್ದಾರೆ, ಯಾವ ಭಾಷೆ ಆಡುತ್ತಾರೆ ಎಂಬುದನ್ನೂ ಹೇಳಿ. ಕಿವಿ, ಕಣ್ಣು, ಥೈರಾಯ್ಡ್, ಬಿ12, ಮನಸ್ಸಿನ ಬೇಸರ ಇವೆಲ್ಲವನ್ನೂ ನೋಡಿದ ಮೇಲೆಯೇ ತೀರ್ಮಾನಕ್ಕೆ ಬರಲು ಡಾಕ್ಟರನ್ನು ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಆಯಿಯ ಕಿವಿಗೆ ಮಷಿನ್ ಹಾಕಿಸಿದೆವು. ಮುಂದಿನ ಸಲ ಬಂದಾಗ ಮಗ ಒಂದು ಬುತ್ತಿ ತಂದಿದ್ದರು. ಆಯಿಯೇ ಬಡಿದ ಸಜ್ಜಿ ರೊಟ್ಟಿ, ಜೊತೆಗೆ ಪುಂಡಿಪಲ್ಯ.