ಜಾಸ್ತಿ ಪುಡಿಯಾಗಿದ್ದೇ ಮೊದಲು ಮುರಿದದ್ದಲ್ಲ

ಬಿದ್ದ ಕಟ್ಟಡ ಯಾಕೆ ಬಿತ್ತು ಅಂತ ಹುಡುಕುವುದು ನನ್ನ ಕೆಲಸ. ಎಲ್ಲಾದರೂ ಒಂದು ವಸತಿ ಕಟ್ಟಡ ಬಿತ್ತು ಅಂದರೆ ಮಾರನೇ ದಿನದಿಂದ ನನ್ನ ಫೋನಿಗೆ ಫೋಟೊಗಳು ಬರುತ್ತವೆ. ಹೆಚ್ಚಿನವು ಒಂದೇ ಥರ. ನುಚ್ಚುನೂರಾದ ಪಿಲ್ಲರ್, ಅದರಿಂದ ಹೊರಗೆ ಚಾಚಿಕೊಂಡ ಸೊಟ್ಟ ಕಂಬಿ, ಯಾರದೋ ಅಂಗೈ, ಅಂಗೈ ಮೇಲೆ ಒಂದಿಷ್ಟು ಬೂದು ಪುಡಿ. ಕೆಳಗೆ ಸಂದೇಶ: "ನೋಡಿ ಸಾರ್, ಕೈಯಲ್ಲಿ ಉಜ್ಜಿದರೆ ಉದುರುತ್ತೆ. ಸಿಮೆಂಟೇ ಹಾಕಿಲ್ಲ. ಇದೇ ಕಾರಣ ಅಲ್ವಾ?"

ಇರಬಹುದು, ಇಲ್ಲದೆಯೂ ಇರಬಹುದು. ಈ ಉತ್ತರ ಯಾರಿಗೂ ಹಿಡಿಸುವುದಿಲ್ಲ ಅಂತ ಗೊತ್ತು. ಕೆಲವರು "ನೀವೂ ಬಿಲ್ಡರ್ ಕಡೆಯವರೇ" ಅಂತ ಫೋನ್ ಇಟ್ಟುಬಿಡುತ್ತಾರೆ. ಮನೆ ಕಳೆದುಕೊಂಡವರು, ಕೆಲವೊಮ್ಮೆ ಮನೆಯವರನ್ನೇ ಕಳೆದುಕೊಂಡವರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲಾರೆ. ಆದರೆ ಟಿವಿಯಲ್ಲಿ ಕೂತು ಅದೇ ಫೋಟೊ ತೋರಿಸಿ ತೀರ್ಪು ಕೊಡುವವರ ಮೇಲೆ ನಿಜಕ್ಕೂ ಸಿಟ್ಟು ಬರುತ್ತದೆ.

ಸ್ವಲ್ಪ ಯೋಚಿಸಿ. ಮೇಲಿನ ಮಹಡಿಗಳೆಲ್ಲ ಒಂದರ ಮೇಲೊಂದು ಬಂದು ಅಪ್ಪಳಿಸಿವೆ. ಆ ಹೊಡೆತಕ್ಕೆ ಎಂಥ ಒಳ್ಳೆಯ ಕಾಂಕ್ರೀಟ್ ಕೂಡ ಪುಡಿಯಾಗುತ್ತದೆ. ಜಾಸ್ತಿ ಪುಡಿಯಾಗುವುದು ಜಾಸ್ತಿ ಹೊಡೆತ ತಿಂದದ್ದು, ಅಂದರೆ ಸಾಮಾನ್ಯವಾಗಿ ಕೆಳಗೆ ಸಿಕ್ಕಿಕೊಂಡದ್ದು. ಹೆದ್ದಾರಿಯಲ್ಲಿ ಹತ್ತು ಗಾಡಿ ಸಾಲಾಗಿ ಗುದ್ದಿಕೊಂಡಾಗ ಎಲ್ಲಕ್ಕಿಂತ ಹೆಚ್ಚು ಜಜ್ಜಿಹೋದ ಗಾಡಿಯವನದೇ ತಪ್ಪು ಅಂತ ಯಾರಾದರೂ ಹೇಳುತ್ತಾರಾ?

ಅವಶೇಷದಲ್ಲಿ ಮೂರು ಬಗೆಯ ಮುರಿತ ಇರುತ್ತದೆ. ಕಟ್ಟಡ ಬೀಳುವ ಮುಂಚೆಯೇ ಮುರಿದದ್ದು, ಬೀಳುವಾಗ ಮುರಿದದ್ದು, ಬಿದ್ದ ಮೇಲೆ ಜನರನ್ನು ಹೊರಗೆ ತೆಗೆಯುವಾಗ ಯಂತ್ರ ಮುರಿದದ್ದು. ನಮಗೆ ಬೇಕಾದದ್ದು ಮೊದಲನೆಯದು. ಅದು ತೀರಾ ಸ್ವಲ್ಪ ಇರುತ್ತದೆ, ಅದೂ ನೋಡಲು ಏನೂ ವಿಶೇಷವಿಲ್ಲದ ತುಂಡಿನಲ್ಲಿ. ಫೋಟೊ ತೆಗೆಯುವವರು ಅದನ್ನು ದಾಟಿಕೊಂಡೇ ಹೋಗಿರುತ್ತಾರೆ.

ಬೇರ್ಪಡಿಸುವುದು ಹೇಗೆ? ಮುರಿದ ಮುಖ ನೋಡಬೇಕು. ಹೊಸ ಮುರಿತದ ಮುಖ ಸ್ವಚ್ಛವಾಗಿರುತ್ತದೆ, ಜಲ್ಲಿಯ ಬಣ್ಣ ಚೆನ್ನಾಗಿ ಕಾಣುತ್ತದೆ. ಹಳೆಯ ಬಿರುಕಿನ ಮುಖದಲ್ಲಿ ಧೂಳು ಕೂತಿರುತ್ತದೆ, ನೀರು ಇಳಿದ ಬಿಳಿ ಗೆರೆ ಇರುತ್ತದೆ. ಒಳಗೆ ಬಣ್ಣ ಇಳಿದಿದ್ದರೆ ಇನ್ನೂ ಒಳ್ಳೆಯದು. ಬಿರುಕು ಬಿಟ್ಟ ಮೇಲೆ ಯಾರೋ ಅದರ ಮೇಲೇ ಪೇಂಟ್ ಹೊಡೆಸಿದ್ದಾರೆ ಅಂತಾಯಿತು.

ಫಿನಾಲ್ಫ್ತಲೀನ್ ಅನ್ನುವ ದ್ರಾವಣ ಒಂದಿದೆ. ಹೊಸದಾಗಿ ಒಡೆದ ಕಾಂಕ್ರೀಟ್ ಮೇಲೆ ಸಿಂಪಡಿಸಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ವರ್ಷಗಟ್ಟಲೆ ಗಾಳಿ ತಾಗಿದ ಜಾಗದಲ್ಲಿ ಬಣ್ಣ ಬರುವುದಿಲ್ಲ, ಯಾಕೆಂದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಲ್ಲಿನ ಕ್ಷಾರವನ್ನು ತಿಂದುಹಾಕಿರುತ್ತದೆ. ಬಿರುಕಿಗೆ ಅಡ್ಡವಾಗಿ ತುಂಡನ್ನು ಒಡೆದು ಸಿಂಪಡಿಸಿ. ಬಿರುಕಿನ ಎರಡೂ ಬದಿಗೆ ಬಣ್ಣವಿಲ್ಲದ ಪಟ್ಟಿ ಕಂಡರೆ ಆ ಬಿರುಕು ನಿನ್ನೆಯದಲ್ಲ. ಗುಲಾಬಿ ಅಂಚಿನವರೆಗೂ ಬಂದರೆ ಇತ್ತೀಚಿನದಿರಬಹುದು. "ಇರಬಹುದು" ಅಂತಲೇ ಬರೆಯುತ್ತೇನೆ, ಯಾಕೆಂದರೆ ಸದಾ ನೀರು ತುಂಬಿದ ಬಿರುಕಿನಲ್ಲೂ ಹಾಗೆ ಕಾಣಬಹುದು. ಗುಲಾಬಿ ಬಂತು ಅಂದರೆ ಕಾಂಕ್ರೀಟ್ ಗಟ್ಟಿ ಅಂತ ಅರ್ಥವಲ್ಲ. ಗಟ್ಟಿತನಕ್ಕೆ ಬೇರೆ ಪರೀಕ್ಷೆ ಇದೆ. ಇದನ್ನು ಎಂಜಿನಿಯರುಗಳಿಗೂ ಹೇಳಬೇಕಾಗಿ ಬಂದಿದೆ.

ಕಂಬಿಯ ವಿಷಯದಲ್ಲಂತೂ ಜನ ಬಹಳ ಎಡವುತ್ತಾರೆ. ಒಂದು ರಾತ್ರಿ ಮಳೆ ಬಂದರೆ ಸಾಕು, ನಿನ್ನೆ ತುಂಡಾದ ಕಂಬಿಯ ತುದಿ ಬೆಳಗ್ಗೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. "ಪೂರಾ ತುಕ್ಕು ಹಿಡಿದಿತ್ತು" ಅಂತ ಸುದ್ದಿ ಹಬ್ಬುತ್ತದೆ. ಹಳೆಯ ತುಕ್ಕು ಹಾಗಿರುವುದಿಲ್ಲ. ಕಡು ಕಂದು, ಪದರ ಪದರ, ಉಗುರಿನಿಂದ ಎಬ್ಬಿಸಿದರೆ ಚಕ್ಕೆ ಏಳುತ್ತದೆ. ಸುತ್ತಲಿನ ಕಾಂಕ್ರೀಟಿಗೂ ಕಲೆ ಇಳಿದಿರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಹಾಗಾಗಿ ಕಂಬಿಯ ಉದ್ದಕ್ಕೂ ಕಾಂಕ್ರೀಟನ್ನು ಒಳಗಿನಿಂದಲೇ ಸೀಳಿರುತ್ತದೆ. ಇನ್ನು ತುಂಡಾದ ಜಾಗ. ಎಳೆತಕ್ಕೆ ಸಿಕ್ಕಿ ಹರಿದ ಕಂಬಿ ಕೊನೆಯಲ್ಲಿ ಸೊಂಟ ಸಣ್ಣದಾದ ಹಾಗೆ ಕಿರಿದಾಗಿ ಆಮೇಲೆ ಕಿತ್ತಿರುತ್ತದೆ. ಹರಿಯದೆ ಇಡಿಯಾಗಿ ಹೊರಗೆ ಬಂದಿದ್ದರೆ, ಅದು ಕೂತಿದ್ದ ಜಾಗದಲ್ಲಿ ಕಂಬಿಯ ಗೆರೆಗಳ ಅಚ್ಚು ಉಳಿದಿರುತ್ತದೆ. ಆಗ ಲ್ಯಾಪ್ ಉದ್ದ, ಅಂದರೆ ಎರಡು ಕಂಬಿಗಳು ಒಂದರ ಪಕ್ಕ ಒಂದು ಸೇರಿಕೊಂಡಿದ್ದ ಉದ್ದ, ಸಾಕಿತ್ತೇ ಅಂತ ಅಳೆಯಬೇಕು. ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳು ಬಿಚ್ಚಿಕೊಂಡಿವೆಯೋ ಇಲ್ಲವೋ, ಎರಡು ರಿಂಗುಗಳ ನಡುವೆ ಎಷ್ಟು ಅಂತರ ಅನ್ನುವುದೂ ಬೇಕು. ಜೆಸಿಬಿ ಬಕೆಟ್ಟಿನ ಹಲ್ಲು ತಾಗಿದ ಕಡೆ ಸಾಲಾಗಿ ಹೊಳೆಯುವ ಗೀರು ಇರುತ್ತದೆ, ಅಂಥ ತುಂಡನ್ನು ಪಕ್ಕಕ್ಕಿಡುತ್ತೇವೆ.

ಚೀಲದಲ್ಲಿ ಕಾಂಕ್ರೀಟ್ ಹೆಂಟೆ ತಂದು "ಲ್ಯಾಬಿಗೆ ಕೊಡಿ" ಅನ್ನುವವರೂ ಇದ್ದಾರೆ. ಅದು ಯಾವ ಮಹಡಿಯದು, ಪಿಲ್ಲರಿನದೋ ಬೀಮಿನದೋ ಸ್ಲ್ಯಾಬಿನದೋ ಅವರಿಗೆ ಗೊತ್ತಿರುವುದಿಲ್ಲ. ಬಿದ್ದ ಹೊಡೆತಕ್ಕೆ ಒಳಗೆಲ್ಲ ಕೂದಲೆಳೆ ಬಿರುಕು ಬಿಟ್ಟಿರುತ್ತದೆ, ಅದರ ಬಲ ಅಳೆದು ಏನು ಹೇಳುವುದು? ಇಡಿಯಾಗಿ ಉಳಿದ, ಜಾಗ ಗುರುತಿಸಿದ ಭಾಗದಿಂದ ಕೋರ್, ಅಂದರೆ ಉರುಳೆಯಂಥ ಮಾದರಿ, ಕೊರೆದು ತೆಗೆಯಬೇಕು. ಕಡಿಮೆ ಅಂದರೂ ಮೂರು. ಸರಾಸರಿ ಬಲ ನಕ್ಷೆಯಲ್ಲಿ ಹೇಳಿದ್ದರ ಶೇ. 85ಕ್ಕಿಂತ ಕಡಿಮೆ ಇರಬಾರದು, ಯಾವ ಒಂದು ಕೋರೂ ಶೇ. 75ಕ್ಕಿಂತ ಕೆಳಗೆ ಇಳಿಯಬಾರದು. ಹೆಚ್ಚಿನ ಕಡೆ ಬಳಕೆಯಲ್ಲಿರುವ ಲೆಕ್ಕ ಇದು. ಕಾಂಕ್ರೀಟ್ ಇದರಲ್ಲಿ ಫೇಲಾದರೂ ಅದೇ ಕಾರಣ ಅಂತ ಹೇಳಲಾಗುವುದಿಲ್ಲ. ಕಳಪೆ ಕಾಂಕ್ರೀಟಿನ ಎಷ್ಟೋ ಕಟ್ಟಡಗಳು ಇವತ್ತಿಗೂ ನಿಂತಿವೆ. ವಿನ್ಯಾಸದಲ್ಲೇ ಒಂದಿಷ್ಟು ಹೆಚ್ಚುವರಿ ಬಲ ಇಟ್ಟಿರುತ್ತಾರೆ, ಹಾಗಾಗಿ ಒಂದೇ ತಪ್ಪಿಗೆ ಕಟ್ಟಡ ಬೀಳುವುದು ಅಪರೂಪ. ಎರಡು ಮೂರು ತಪ್ಪುಗಳು ಒಂದೇ ಜಾಗದಲ್ಲಿ ಬಂದು ಸೇರಿರುತ್ತವೆ.

ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರ ನಡುರಾತ್ರಿ ಚಾಂಪ್ಲೇನ್ ಟವರ್ಸ್ ಸೌತ್ ಅನ್ನುವ ಕಟ್ಟಡದ ದೊಡ್ಡ ಭಾಗ ಕುಸಿಯಿತು. 98 ಜನ ಸತ್ತರು. 1981ರಲ್ಲಿ ಕಟ್ಟಿದ್ದು, 12 ಮಹಡಿ. ಸುದ್ದಿಯಲ್ಲೆಲ್ಲ ಕುಸಿದ ಗೋಪುರದ ಚಿತ್ರವೇ. ನೆಲ ಕುಸಿಯಿತು, ಸಮುದ್ರ ನುಂಗಿತು, ಪಕ್ಕದ ಕಟ್ಟಡದ ಕೆಲಸದಿಂದ ಅದುರಿತು ಅಂತ ತಲೆಗೊಂದು ಮಾತು. ತನಿಖೆಗೆ ಇಳಿದ ಅಲ್ಲಿನ ಸರ್ಕಾರಿ ಸಂಸ್ಥೆ ನಿಸ್ಟ್ ಸುಮಾರು ಎರಡು ಡಜನ್ ಊಹೆಗಳನ್ನು ಪಟ್ಟಿ ಮಾಡಿ ಒಂದೊಂದಾಗಿ ಪರೀಕ್ಷೆಗೆ ಹಚ್ಚಿತು. ಪ್ರಾಥಮಿಕ ವರದಿಗಳ ಪ್ರಕಾರ ಮೊದಲು ಹೋದದ್ದು ಗೋಪುರವೇ ಅಲ್ಲ. ಅದರ ಪಕ್ಕದ ಈಜುಕೊಳದ ಡೆಕ್, ಅಂದರೆ ಕೆಳಗಿನ ಪಾರ್ಕಿಂಗಿಗೆ ಸೂರಾಗಿದ್ದ ಸ್ಲ್ಯಾಬ್. ಅದು ಕುಸಿದ ಕೆಲವು ನಿಮಿಷಗಳ ಮೇಲೆ ಗೋಪುರ ಬಿತ್ತು. ಆ ನಡುವೆ ದಾರಿಯಲ್ಲಿ ನಿಂತ ಒಬ್ಬರು ಫೋನಿನಲ್ಲಿ ಚಿತ್ರೀಕರಿಸಿದ್ದರು. ಪಾರ್ಕಿಂಗಿನೊಳಗೆ ನೀರು ಸುರಿಯುತ್ತಿರುವುದು ಕಾಣುತ್ತದೆ.

ಡೆಕ್ಕಿನ ಜಾಗದಲ್ಲಿ ಪಿಲ್ಲರುಗಳು ನಿಂತೇ ಇದ್ದವು, ಸ್ಲ್ಯಾಬ್ ಮಾತ್ರ ಅವುಗಳ ಸುತ್ತ ಜಾರಿ ಕೆಳಗಿಳಿದಿತ್ತು. ಪಿಲ್ಲರ್ ಸ್ಲ್ಯಾಬನ್ನು ತೂತು ಮಾಡಿಕೊಂಡು ಹೊರಟಂತೆ. ಇದಕ್ಕೆ ನಾವು ಪಂಚಿಂಗ್ ಅನ್ನುತ್ತೇವೆ. ವಿನ್ಯಾಸದ ಲೆಕ್ಕವೇ ಅಂದಿನ ನಿಯಮಕ್ಕಿಂತ ಕಡಿಮೆ ಇತ್ತು. ಆಮೇಲೆ ಗಿಡದ ತೊಟ್ಟಿ, ನೆಲಹಾಸು ಅಂತ ಭಾರ ಏರಿತು. ಜೊತೆಗೆ ತುಕ್ಕು. ನೀರು ತಡೆಯುವ ಪದರ ಕೆಟ್ಟು ಆ ಸ್ಲ್ಯಾಬಿಗೆ ದೊಡ್ಡ ಹಾನಿಯಾಗಿದೆ ಅಂತ 2018ರಲ್ಲೇ ಒಬ್ಬ ಎಂಜಿನಿಯರ್ ಬರೆದುಕೊಟ್ಟಿದ್ದರು.

"ನಲವತ್ತು ವರ್ಷ ನಿಂತದ್ದು, ಯಾರೂ ಹೊಸದಾಗಿ ಏನೂ ಇಡದ ನಡುರಾತ್ರಿ ಯಾಕೆ ಬೀಳಬೇಕು?" ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಭಾರ ಏರದಿದ್ದರೂ ಹೊರುವ ಶಕ್ತಿ ಇಳಿಯುತ್ತಿರುತ್ತದೆ. ಕಾಂಕ್ರೀಟಿಗೆ ಇನ್ನೊಂದು ಗುಣ ಇದೆ. ತನ್ನ ಶಕ್ತಿಯ ಸುಮಾರು ಶೇ. 80ಕ್ಕಿಂತ ಹೆಚ್ಚು ಒತ್ತಡವನ್ನು ಬಿಡದೆ ಹೊರಿಸಿಟ್ಟರೆ, ಆ ಕ್ಷಣಕ್ಕೆ ತಡೆದುಕೊಂಡರೂ ಮುಂದೊಂದು ದಿನ ಸೋಲಬಹುದು. ಅದಕ್ಕೆ ಹೊತ್ತುಗೊತ್ತಿಲ್ಲ. ಆ ದಿನ ಪಕ್ಕದ ಮನೆಯಲ್ಲಿ ಯಾರೋ ಡ್ರಿಲ್ ಮಾಡುತ್ತಿದ್ದರೆ ಪಾಪ, ಎಲ್ಲರ ಕಣ್ಣೂ ಅವರ ಮೇಲೆ.

ನಿಧಾನವಾಗಿ ಬಿಚ್ಚಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಲಂಡನ್ನಿನ ರೋನನ್ ಪಾಯಿಂಟ್ ಇದೆ. 1968ರ ಮೇ 16ರ ಬೆಳಗ್ಗೆ 22 ಮಹಡಿಯ ಆ ಕಟ್ಟಡದ 18ನೇ ಮಹಡಿಯಲ್ಲಿ ಗ್ಯಾಸ್ ಸೋರಿ ಸ್ಫೋಟವಾಯಿತು. ಒಂದು ಮೂಲೆ ಮೇಲಿಂದ ಕೆಳಗಿನವರೆಗೆ ಉದುರಿಹೋಯಿತು. ನಾಲ್ಕು ಜನ ಸತ್ತರು. ಸ್ಫೋಟವೇ ಕಾರಣ ಅನ್ನಬಹುದಿತ್ತು. ಆದರೆ ಸ್ಫೋಟವಾದ ಮನೆಯಲ್ಲೇ ಇದ್ದಾಕೆ ಬದುಕಿ ಉಳಿದರು. ಅಷ್ಟು ಸಣ್ಣ ಸ್ಫೋಟಕ್ಕೆ ಗೋಡೆಯ ಒಂದು ಕಾಂಕ್ರೀಟ್ ಹಲಗೆ ಸರಿದರೆ ಮೇಲಿನ ಭಾರ ಹೊರಲು ಬೇರೆ ದಾರಿಯೇ ಇರಲಿಲ್ಲ. ತನಿಖೆ ಇದನ್ನು ಹಿಡಿಯಿತು, ನಿಯಮಗಳು ಬದಲಾದವು. ಕಟ್ಟಡವನ್ನು ರಿಪೇರಿ ಮಾಡಿ ಮತ್ತೆ ಜನರನ್ನು ಇಟ್ಟರು. 1986ರಲ್ಲಿ ಕೆಡವುವಾಗ ಸಿಡಿಸದೆ ಒಂದೊಂದೇ ಹಲಗೆ ಬಿಚ್ಚಿದರು. ಆಗ ಕಂಡದ್ದು: ಗಾರೆ ತುಂಬಬೇಕಾದ ಸಂದಿಗಳು ಕೆಲವು ಕಡೆ ಖಾಲಿ, ಕೆಲವು ಕಡೆ ಹಳೆಯ ನ್ಯೂಸ್‌ಪೇಪರ್.

ಅವಶೇಷ ತೆರವು ಮಾಡುವ ಆತುರ ನೋಡಿದಾಗಲೆಲ್ಲ ನನಗೆ ಈ ನ್ಯೂಸ್‌ಪೇಪರ್ ನೆನಪಾಗುತ್ತದೆ. ತಪ್ಪು ತಿಳಿಯಬೇಡಿ. ಒಳಗೆ ಜೀವ ಇರುವವರೆಗೆ ಸಾಕ್ಷಿ ಗೀಕ್ಷಿ ಎಲ್ಲ ಪಕ್ಕಕ್ಕೆ. ಯಂತ್ರ ಏನು ಮುರಿದರೂ ಮುರಿಯಲಿ, ಜನ ಹೊರಗೆ ಬರಲಿ. ನಾನು ಹೇಳುತ್ತಿರುವುದು ಆಮೇಲಿನ ಮಾತು. ಎತ್ತುವ ಮುಂಚೆ ಫೋಟೊ, ತುಂಡಿನ ಮೇಲೆ ಪೇಂಟಿನಲ್ಲಿ ನಂಬರು, ನಕ್ಷೆಯಲ್ಲಿ ಅದರ ಜಾಗ. ಇಷ್ಟು ಮಾಡದೆ ಲಾರಿಗೆ ತುಂಬಿಸಿ ಹಳ್ಳಕ್ಕೆ ಸುರಿದು ಬಂದರೆ, ಆರು ತಿಂಗಳ ಮೇಲೆ ಕೋರ್ಟಿನಲ್ಲಿ "ಕಾರಣ ಏನು" ಅಂತ ಕೇಳಿದರೆ ನಾವೆಲ್ಲಿಂದ ತರುವುದು?

ಒಂದು ಸಲ ನಮಗೆ ದಿಕ್ಕು ತೋರಿಸಿದ್ದು ಒಂದು ಬಾತ್‌ರೂಮ್ ಬಾಗಿಲು. ಬದುಕುಳಿದ ಅಜ್ಜಿಯೊಬ್ಬರು ಮಾತಿನ ನಡುವೆ ಬೈದುಕೊಂಡರು: "ಆ ಬಡಗಿ ಎಷ್ಟು ಸಲ ಕೀಸಿದರೂ ಬಾಗಿಲು ಮತ್ತೆ ಹಿಡ್ಕೊಳ್ತಿತ್ತು ಕಣಪ್ಪ." ಬಾಗಿಲು ಹುಡುಕಿಸಿದೆವು. ಮೇಲಿನ ಅಂಚನ್ನು ನೇರವಾಗಿ ಕೀಸಿರಲಿಲ್ಲ. ಚಿಲಕದ ಕಡೆ ಬೆರಳ ದಪ್ಪ ಹೋಗಿತ್ತು, ಕೀಲಿನ ಕಡೆ ಏನೂ ಇಲ್ಲ. ಬಣ್ಣ ಕಾಣದ ಬರೀ ಮರ, ಇನ್ನೂ ಹೊಸದು. ಚೌಕಟ್ಟು ಒಂದು ಕಡೆಗೆ ಇಳಿಯುತ್ತಾ ಇತ್ತು, ಬಡಗಿ ಪಾಪ ಅದರ ಹಿಂದೆ ಹಿಂದೆ ಹೋಗಿದ್ದ. ಚಿಲಕದ ಕಡೆಯ ಬೀಮು, ಅದರ ಕೆಳಗಿನ ಪಿಲ್ಲರು ಅಂತ ಹುಡುಕುತ್ತಾ ಇಳಿದೆವು. ಎಲ್ಲರೂ ಫೋಟೊ ಕಳಿಸಿದ್ದ ಪಿಲ್ಲರ್ ಇದ್ದದ್ದು ಅದರ ಎದುರು ಮೂಲೆಯಲ್ಲಿ.

ಹಾಗಾಗಿ ಕಾಂಕ್ರೀಟ್ ಪುಡಿಗಿಂತ ನನಗೆ ನಿಮ್ಮ ಮನೆಯ ಮಾಮೂಲಿ ಸಂಗತಿಗಳು ಬೇಕು. ಯಾವ ಕಿಟಕಿ ಹಿಡಿದುಕೊಳ್ಳುತ್ತಿತ್ತು, ಎಲ್ಲಿ ಟೈಲ್ಸ್ ಎದ್ದಿತ್ತು, ಯಾವ ಗೋಡೆಗೆ ಪದೇ ಪದೇ ಪುಟ್ಟಿ ಹಚ್ಚಿಸಿದಿರಿ. ಮಕ್ಕಳ ಹುಟ್ಟುಹಬ್ಬದ ಹಳೆಯ ಫೋಟೊ ಕೊಡಿ. ಹಿಂದಿನ ಗೋಡೆಯ ಬಿರುಕಿಗೆ ತಾರೀಕು ಸಮೇತ ಸಾಕ್ಷಿ ಅಲ್ಲಿರುತ್ತದೆ. ಸಿಸಿಟಿವಿ ದೃಶ್ಯ ಕೊಡುವಾಗ ಅದರ ಗಡಿಯಾರ ಎಷ್ಟು ಮುಂದೆ ಹಿಂದೆ ಇತ್ತು ಅಂತಲೂ ಹೇಳಿ. ಟೆರೇಸ್ ಮೇಲೆ ಆಮೇಲೆ ಏನೇನು ಏರಿತು, ಟ್ಯಾಂಕೋ, ಮಣ್ಣು ತುಂಬಿದ ತೋಟವೋ.

ಒಳಗಿನ ಗೋಡೆ ತೆಗೆಸಿದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹಾಲ್ ದೊಡ್ಡದು ಮಾಡಿಕೊಂಡಿರುತ್ತಾರೆ, ಈಗ ತಮ್ಮ ಮೇಲೆ ಬರುತ್ತದೆ ಅಂತ ಭಯ. ಹೇಳಿಬಿಡಿ. ಪಿಲ್ಲರ್–ಬೀಮಿನ ಕಟ್ಟಡದಲ್ಲಿ ಒಳಗಿನ ಅಡ್ಡಗೋಡೆ ಸಾಮಾನ್ಯವಾಗಿ ಭಾರ ಹೊರುವುದಿಲ್ಲ. ಲೆಕ್ಕ ಮಾಡಿ ನೋಡಿ, ಹಾಗಿದ್ದರೆ ಪಟ್ಟಿಯಿಂದ ಅದನ್ನು ಹೊಡೆದುಹಾಕುತ್ತೇವೆ. ಗೋಡೆಯೇ ಭಾರ ಹೊರುವ ಕಟ್ಟಡವಾದರೆ ಮಾತು ಬೇರೆ, ಅದೂ ಗೊತ್ತಾಗಬೇಕು. ಮುಚ್ಚಿಟ್ಟರೆ ಅನುಮಾನದ ಪಟ್ಟಿಯಲ್ಲಿ ನಿಮ್ಮ ಮನೆ ಕೊನೆಯವರೆಗೂ ಉಳಿದುಬಿಡುತ್ತದೆ.